ದುಬೈನ ವಾಣಿಜ್ಯ ಸ್ಟುಡಿಯೊಗೆ ಬರುವ ಮುನ್ನ

ಶಿವಮೊಗ್ಗದಲ್ಲಿ ಆರು ವರ್ಷ ಮದುವೆ, ಉಪನಯನಗಳ ಫೋಟೋ ತೆಗೆದಿರುವ ನಿಮಗೆ ದುಬೈನ ವಾಣಿಜ್ಯ ಛಾಯಾಗ್ರಹಣದ ಕಂಪನಿಯೊಂದರಿಂದ ಕರೆ ಬಂದಿದೆಯೆಂದೂ, ಊರಿನ ಅನುಭವ ಅಲ್ಲಿ ಲೆಕ್ಕಕ್ಕೆ ಬರುತ್ತದೆಯೇ ಎಂದೂ ಕೇಳಿದ್ದೀರಿ. ಹದಿನಾಲ್ಕು ವರ್ಷಗಳಿಂದ ಇಲ್ಲಿ ಇದೇ ಕೆಲಸದಲ್ಲಿರುವ ನಾನು ಕಂಡದ್ದನ್ನು ಬರೆಯುತ್ತೇನೆ.

ಧಾರೆ ಎರೆಯುವ ಗಳಿಗೆ ಮತ್ತೆ ಬರುವುದಿಲ್ಲವಾದ್ದರಿಂದ ಊರಿನಲ್ಲಿ ನಿಮ್ಮ ಬೆಲೆಯೆಲ್ಲ ಆ ಕ್ಷಣವನ್ನು ಹಿಡಿಯುವುದರಲ್ಲಿತ್ತು. ಇಲ್ಲಿ ಬೇಕಾಗಿರುವುದು ಬೇರೆಯೇ ಗುಣ. ದುಬೈನ ಅಲ್ ಕೂಝ್ ಪ್ರದೇಶದ ಗೋದಾಮುಗಳ ನಡುವಿನ ಸ್ಟುಡಿಯೊದಲ್ಲಿ ಬೆಳಿಗ್ಗೆ ತೆಗೆದ ಮೊದಲ ಅಂಗಿಗೂ ಸಂಜೆ ತೆಗೆದ ಎಂಬತ್ತನೆಯ ಅಂಗಿಗೂ ಬೆಳಕಿನಲ್ಲಿ, ಬಣ್ಣದಲ್ಲಿ, ಕೋನದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಬಾರದು. ಅಮೆಜಾನ್‌ಗೆ ಕಳುಹಿಸುವ ಮುಖ್ಯ ಚಿತ್ರವಾದರೆ ಹಿನ್ನೆಲೆ ಅಪ್ಪಟ ಬಿಳಿಯಾಗಿರಬೇಕು, ಅಂದರೆ ಕಂಪ್ಯೂಟರಿನ ಲೆಕ್ಕದಲ್ಲಿ ಕೆಂಪು, ಹಸಿರು, ನೀಲಿ ಮೂರೂ ಗರಿಷ್ಠ ಅಂಕಿಯಾದ 255 ಇರಬೇಕು. ವಸ್ತು ಚೌಕಟ್ಟಿನ ಶೇ. 85ರಷ್ಟನ್ನು ತುಂಬಬೇಕು. ಕ್ಯಾಮೆರಾಕ್ಕೆ ಕೇಬಲ್ ಕಟ್ಟಿ ಕಂಪ್ಯೂಟರಿಗೆ ಜೋಡಿಸಿರುತ್ತಾರೆ. ನೀವು ಕ್ಲಿಕ್ಕಿಸಿದ ಪ್ರತಿಯೊಂದನ್ನೂ ಗ್ರಾಹಕರ ಪ್ರತಿನಿಧಿ ಪಕ್ಕದಲ್ಲೇ ಕುಳಿತು ನೋಡುತ್ತಾರೆ. ಮೊದಮೊದಲು ಇದು ಉಸಿರು ಕಟ್ಟಿಸುತ್ತದೆ.

ಎರಡನೆಯ ತಿಂಗಳಲ್ಲಿ ನಾನೊಂದು ತಪ್ಪು ಮಾಡಿದೆ. ದೀಪದ ಬೆಳಕನ್ನು ಮೃದುಗೊಳಿಸುವ ಸಾಫ್ಟ್‌ಬಾಕ್ಸ್ ಬದಲಿಸಿದ ಮೇಲೆ, ಬಣ್ಣ ತಾಳೆ ನೋಡುವ ಬೂದು ಹಲಗೆಯಾದ ಗ್ರೇ ಕಾರ್ಡ್ ಇಟ್ಟು ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕ ಬಣ್ಣದ ಹೊಂದಾಣಿಕೆ) ನೋಡದೆ ಮುಂದುವರಿದಿದ್ದರಿಂದ, ಕಡುಗೆಂಪು ಬಟ್ಟೆಗಳೆಲ್ಲ ಇಟ್ಟಿಗೆಯ ಬಣ್ಣಕ್ಕೆ ತಿರುಗಿದವು. ಅಷ್ಟನ್ನೂ ಮತ್ತೆ ತರಿಸಿ, ಮತ್ತೆ ಇಸ್ತ್ರಿ ಮಾಡಿಸಿ, ಬೆಳಗಿನ ಜಾವದವರೆಗೆ ತೆಗೆದೆವು. ನನ್ನ ಕಾರಣಕ್ಕೆ ನಿದ್ದೆಗೆಟ್ಟ ಸಹಾಯಕರ ಮುಖಗಳು ಇಂದಿಗೂ ಕಣ್ಣಮುಂದಿವೆ. ಅಂದಿನಿಂದ ಪ್ರತಿ ದೀಪದ ದೂರ, ಎತ್ತರ, ಪ್ರಖರತೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ನೀವೂ ಮೊದಲ ದಿನದಿಂದಲೇ ಬರೆದಿಡಿ. ಮದುವೆಮನೆಯ ಅನುಭವ ವ್ಯರ್ಥವಲ್ಲ. ಕಂಪನಿಗಳ ಅಧಿಕಾರಿಗಳ ಭಾವಚಿತ್ರ ತೆಗೆಯುವಾಗ, ಕ್ಯಾಮೆರಾ ಕಂಡರೆ ಬಿಗಿಯಾಗುವ ಮನುಷ್ಯನನ್ನು ಎರಡು ನಿಮಿಷದಲ್ಲಿ ಸಡಿಲಗೊಳಿಸುವ ನಿಮ್ಮ ಮಾತುಗಾರಿಕೆ ಸ್ಟುಡಿಯೊದಲ್ಲೇ ಬೆಳೆದವರಿಗೆ ಸುಲಭವಾಗಿ ಬರುವುದಿಲ್ಲ.

ಹೊರಗಿನ ಕೆಲಸವೆಂದರೆ ಹೆಚ್ಚಾಗಿ ಕಟ್ಟಡ, ಹೋಟೆಲ್‌ಗಳದ್ದು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ನೇರ ಬಿಸಿಲಿನಲ್ಲಿ ದುಡಿಸಬಾರದೆಂಬ ನಿಯಮವಿದೆ. ಕಟ್ಟಡಕ್ಕೆ ಒಳ್ಳೆಯ ಬೆಳಕು ಸಿಗುವುದೂ ಮುಸ್ಸಂಜೆಯಲ್ಲೇ. ಎಸಿ ಕೋಣೆಯಿಂದ ಕ್ಯಾಮೆರಾವನ್ನು ಹೊರತಂದೊಡನೆ ಲೆನ್ಸ್ ಮೇಲೆ ನೀರಾವಿ ಕೂರುತ್ತದೆ, ಆದ್ದರಿಂದ ಚೀಲದ ಜಿಪ್ ತೆರೆಯದೆ ಅರ್ಧ ಗಂಟೆ ಹೊರಗಿಟ್ಟು ಬಿಡಿ. ಅನುಮತಿಯಿಲ್ಲದೆ ಯಾರ ಚಿತ್ರವನ್ನೂ ತೆಗೆಯಬೇಡಿ. ಊರಿನ ಜಾತ್ರೆಯಲ್ಲಿ ಸಹಜವೆನಿಸುವುದು ಇಲ್ಲಿ ಅಪರಾಧವಾಗಬಹುದು.

ಸಂಬಳದ ಒಟ್ಟು ಮೊತ್ತ ನೋಡಿ ಒಪ್ಪಿಕೊಳ್ಳಬೇಡಿ. ಮೊದಲ ಐದು ವರ್ಷ, ವರ್ಷಕ್ಕೆ 21 ದಿನಗಳ ವೇತನದಂತೆ ಲೆಕ್ಕ ಹಾಕುವ ಗ್ರಾಚ್ಯುಟಿಗೆ (ಕೆಲಸ ಬಿಡುವಾಗ ಸಿಗುವ ಇಡಿಗಂಟಿಗೆ) ಮೂಲವೇತನವಷ್ಟೇ ಆಧಾರ. ಅದನ್ನು ಸಣ್ಣದಾಗಿಟ್ಟು ಭತ್ಯೆಗಳನ್ನು ದೊಡ್ಡದಾಗಿಸಿದ್ದರೆ ಮರಳುವ ದಿನ ನಿಮ್ಮ ಕೈಗೆ ಬರುವುದು ಕಡಿಮೆಯಾಗುತ್ತದೆ. ಪರೀಕ್ಷಾ ಅವಧಿ ಆರು ತಿಂಗಳನ್ನು ಮೀರುವಂತಿಲ್ಲ. ವೀಸಾ, ನೇಮಕಾತಿಯ ಖರ್ಚು ಮಾಲೀಕರದು. ಪಾಸ್‌ಪೋರ್ಟ್ ನಿಮ್ಮ ಬಳಿಯೇ ಇರಬೇಕು.

ಇದೆಲ್ಲಕ್ಕಿಂತ ಮನಸ್ಸಿಗೆ ತಟ್ಟುವ ವಿಷಯವೆಂದರೆ ಚಿತ್ರಗಳ ಒಡೆತನ. ಕರಾರಿನ ಪ್ರಕಾರ ನಿಮ್ಮ ಕೈಯಿಂದ ಬಂದ ಸಾವಿರಾರು ಚಿತ್ರಗಳು ಸಾಮಾನ್ಯವಾಗಿ ಕಂಪನಿಗೋ ಗ್ರಾಹಕರಿಗೋ ಸೇರುತ್ತವೆ, ಅವುಗಳ ಕೆಳಗೆ ನಿಮ್ಮ ಹೆಸರೂ ಇರುವುದಿಲ್ಲ. ಮುಂದಿನ ಕೆಲಸ ಹುಡುಕುವಾಗ ತೋರಿಸಲು ಏನೂ ಉಳಿಯದೆ ಕಂಗೆಟ್ಟ ಒಳ್ಳೆಯ ಕೈಗಳನ್ನು ಕಂಡಿದ್ದೇನೆ. ಆದ್ದರಿಂದ ಪೋರ್ಟ್‌ಫೋಲಿಯೊದಲ್ಲಿ ಬಳಸಲು ಅನುಮತಿಯಿದೆ ಎಂಬ ಒಂದು ಸಾಲನ್ನು ಸಹಿಗೆ ಮುಂಚೆಯೇ ಬರಹದಲ್ಲಿ ಪಡೆಯಿರಿ. ಕರಾರುಪತ್ರ ಕೈಸೇರಿದಾಗ ಮೂಲವೇತನದ ಸಾಲನ್ನೂ ಒಡೆತನದ ಸಾಲನ್ನೂ ನನಗೆ ಕಳುಹಿಸಿ, ಓದಿ ತಿಳಿಸುತ್ತೇನೆ.