ಕಲ್ಲಿನ ಬೆಟ್ಟದ ಮೇಲೆ ರಸ್ತೆ ಕುಸಿದದ್ದು ಹೇಗೆ?

ಪ್ರಶ್ನೆ: ಸರ್, ವಾರಕ್ಕೆರಡು ಸಲ ಚಾಮುಂಡಿ ಬೆಟ್ಟ ಹತ್ತುತ್ತೇನೆ. ಬೆಟ್ಟ ಪೂರ್ತಿ ಗಟ್ಟಿ ಕಲ್ಲು ಅಂತಾರೆ. ಹಾಗಿದ್ದರೆ 2021ರ ಅಕ್ಟೋಬರ್ ಮಳೆಗೆ ನಂದಿ ಕಡೆಯ ರಸ್ತೆ ಕುಸಿದದ್ದು ಹೇಗೆ? ವಯನಾಡಿನ ಥರ ಇಲ್ಲೂ ಆಗಿಬಿಡುತ್ತಾ? – ಓದುಗರು, ಮೈಸೂರು

ಉತ್ತರ: ಕಲ್ಲು ಗಟ್ಟಿಯೇ, ಸುಮಾರು 80 ಕೋಟಿ ವರ್ಷ ಹಳೆಯ ಗ್ರಾನೈಟ್. ಆದರೆ ಬೆಟ್ಟದ ರಸ್ತೆಗಳು ಪೂರ್ತಿ ಕಲ್ಲಿನ ಮೇಲೆ ಕೂತಿರುವುದಿಲ್ಲ. ಒಳಬದಿಯಲ್ಲಿ ಇಳಿಜಾರನ್ನು ಕಡಿದು, ಆ ಮಣ್ಣನ್ನೇ ಹೊರಬದಿಗೆ ತುಂಬಿ ಅಗಲ ಮಾಡಿರುತ್ತಾರೆ. ಮಳೆಗೆ ಜಾರುವುದು ಸಾಮಾನ್ಯವಾಗಿ ಈ ತುಂಬಿದ ಭಾಗ, ಅದಕ್ಕೆ ಅಂಟಿಕೊಂಡ ಗರಸು ಮಣ್ಣು. ನೀರು ಮಣ್ಣಿನ ಸಂದುಗಳಲ್ಲಿ ತುಂಬಿಕೊಂಡರೆ ಕಣಗಳನ್ನು ಒಂದರಿಂದ ಒಂದು ದೂಡುತ್ತೆ, ಹಿಡಿತ ತಪ್ಪುತ್ತೆ, ಮೇಲಿಂದ ಭಾರವೂ ಜಾಸ್ತಿಯಾಗುತ್ತೆ. ತಡೆಗೋಡೆ ಇದ್ದರೆ ಸಾಕು ಅಂತ ಜನ ಅಂದುಕೊಳ್ಳುತ್ತಾರೆ, ಆದರೆ ಹಿಂದಿನ ನೀರಿಗೆ ದಾರಿ ಇಲ್ಲದ ಗೋಡೆ ನಿಲ್ಲುವುದು ಕಷ್ಟ. ಮುಂದಿನ ಸಲ ಬೆಟ್ಟಕ್ಕೆ ಹೋದಾಗ ಗೋಡೆಗಳಲ್ಲಿ ಚಾಚಿಕೊಂಡ ಸಣ್ಣ ಪೈಪುಗಳನ್ನು ಗಮನಿಸಿ. ಜೋರು ಮಳೆ ಬಂದ ಮಾರನೇ ದಿನವೂ ಒಣಗಿಯೇ ಇದ್ದು, ಬಾಯಲ್ಲಿ ಮಣ್ಣು, ಪ್ಲಾಸ್ಟಿಕ್ ಕವರ್ ಸಿಕ್ಕಿಕೊಂಡಿದ್ದರೆ, ನೀರು ಹಿಂದೆಯೇ ಉಳಿದಿದೆ ಅಂತ ಅನುಮಾನ ಪಡಬೇಕು.

ವಯನಾಡಿನದ್ದು ಬೇರೆ ಜಾತಿ. 2024ರ ಜುಲೈ 30ರಂದು ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಬಂದದ್ದು ಮಣ್ಣು, ಬಂಡೆ, ಮರ, ನೀರು ಎಲ್ಲ ಸೇರಿದ ಹರಿವು, ಹಳ್ಳದ ದಾರಿ ಹಿಡಿದು ಕಿಲೋಮೀಟರುಗಟ್ಟಲೆ ಓಡಿತು. ಅದಕ್ಕೆ ದಪ್ಪ ಮಣ್ಣಿನ ಹೊದಿಕೆ ಬೇಕು, ಮಲೆನಾಡಿನ ಮಳೆ ಬೇಕು. ಮೈಸೂರಿನ ವರ್ಷದ ಮಳೆ ಸುಮಾರು 800 ಮಿಲಿಮೀಟರ್ ಅಷ್ಟೇ, ಬೆಟ್ಟದ ಮೇಲಿನ ಮಣ್ಣೂ ತೆಳು. ಇಲ್ಲಿ ನಾನು ಹೆದರುವುದು ಎರಡಕ್ಕೆ: ರಸ್ತೆ ಅಂಚಿನ ಜಾರಿಕೆ, ಉರುಳುವ ಬಂಡೆ. ಗ್ರಾನೈಟ್ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಡುತ್ತೆ. ಗುಂಡುಗಳ ಬುಡದ ಮಣ್ಣನ್ನು ಮಳೆ ಕೊರೆದರೆ ಒಂದು ದಿನ ಅವು ಉರುಳುತ್ತವೆ.

ಯಾವ ಬಗೆ ಅಂತ ಗುರುತಿಸಲು ಬಿದ್ದ ಮಣ್ಣಿಗಿಂತ ಬಿಟ್ಟ ಗಾಯ ನೋಡಿ. ಮೇಲ್ಗಡೆ ಅರ್ಧಚಂದ್ರದಂಥ ಬಿರುಕು, ಜಾರಿದ ತುಂಡು ಬೆಟ್ಟದ ಕಡೆಗೇ ವಾಲಿದ್ದರೆ ಅದು ಬಾಗಿದ ತಳದ ಮೇಲೆ ತಿರುಗಿ ಜಾರಿದ್ದು. ಕೆಳಗೆ ನುಣುಪು ಬಂಡೆ ಬತ್ತಲಾಗಿದ್ದರೆ ಹಾಸಿನ ಥರ ಸರಕ್ಕನೆ ಜಾರಿದ್ದು. ಮರಗಳ ಬುಡ ಕುಡುಗೋಲಿನಂತೆ ಬಾಗಿ ಆಮೇಲೆ ನೆಟ್ಟಗೆ ಬೆಳೆದಿದ್ದರೆ, ಕಂಬ ಬೇಲಿ ಕೆಳಮುಖ ವಾಲಿದ್ದರೆ, ಮಣ್ಣು ವರ್ಷಗಟ್ಟಲೆ ನಿಧಾನಕ್ಕೆ ತೆವಳುತ್ತಿರಬಹುದು.

ಬಿರುಕು ಕಂಡರೆ ಸುಮ್ನೆ ಫೋಟೋ ತೆಗೆದರೆ ಸಾಲದು. ಎರಡೂ ಕಡೆ ಬಣ್ಣದ ಗುರುತು ಹಾಕಿ ವಾರಕ್ಕೊಮ್ಮೆ ಟೇಪು ಹಿಡಿದು ಅಳೆಯಿರಿ. ಮಳೆ ಬಂದಾಗೆಲ್ಲ ಅಂತರ ಹೆಚ್ಚುತ್ತಿದ್ದರೆ ಅದು ಬರೀ ಡಾಂಬರಿನ ಬಿರುಕಲ್ಲ.

ಪ್ರಶ್ನೆ: ನಮ್ಮ ಗದ್ದೆ ಉಪನಾಲೆಯ ಪಕ್ಕದಲ್ಲಿದೆ. ನಾಲೆ ತುಂಬಿ ಹರಿಯುವಾಗ ದಂಡೆಗೆ ಏನೂ ಆಗಲ್ಲ, ನೀರು ನಿಲ್ಲಿಸಿದ ಮೇಲೆ ಮಣ್ಣು ಕುಸಿದು ನಾಲೆಗೆ ಬೀಳುತ್ತೆ. ಉಲ್ಟಾ ಆಗಬೇಕಿತ್ತಲ್ವಾ? – ರೈತರು, ಪಾಂಡವಪುರ

ಉತ್ತರ: ಉಲ್ಟಾ ಅನ್ನಿಸುತ್ತೆ, ಆದರೆ ಲೆಕ್ಕ ಸರಿಯಾಗಿದೆ. ನಾಲೆ ತುಂಬಿದ್ದಾಗ ನೀರೇ ದಂಡೆಗೆ ಹೆಗಲು ಕೊಟ್ಟಿರುತ್ತೆ. ಅದೇ ನೀರು ಒಳಗೂ ಇಳಿದು ಮಣ್ಣನ್ನು ನೆನೆಸಿರುತ್ತೆ. ಕಟ್ಟು ನೀರಿನ (ನಾಲೆಗೆ ಕೆಲವು ದಿನ ಬಿಟ್ಟು, ಕೆಲವು ದಿನ ನಿಲ್ಲಿಸುವ ನೀರು) ಸರದಿ ಮುಗಿದು ತೂಬು ಮುಚ್ಚಿದಾಗ ನಾಲೆ ಬೇಗ ಇಳಿಯುತ್ತೆ, ಮಣ್ಣೊಳಗಿನ ನೀರು ಅಷ್ಟು ಬೇಗ ಇಳಿಯಲ್ಲ. ಆಸರೆ ಹೋಯಿತು, ಭಾರ ಮತ್ತು ಒಳಒತ್ತಡ ಉಳಿಯಿತು. ಜಾರಿತು. ಅಣೆಕಟ್ಟುಗಳ ಮಣ್ಣಿನ ಏರಿಗೂ ಇದೇ ಭಯ, ಅದಕ್ಕೇ ಅಲ್ಲಿ ನೀರು ಇಳಿಸುವುದನ್ನು ನಿಧಾನ ಮಾಡುತ್ತಾರೆ.

ತೂಬು ನಿಮ್ಮ ಕೈಯಲ್ಲಿಲ್ಲ, ಸರಿ. ಆದರೆ ಗದ್ದೆ ಬದುವಿಗೆ ಅಂತ ದಂಡೆಯ ಬುಡದ ಮಣ್ಣು ಎಳೆಯಬೇಡಿ. ನೀರು ನಿಂತ ಮೊದಲ ವಾರ ಕಬ್ಬು ತುಂಬಿದ ಟ್ರ್ಯಾಕ್ಟರ್ ಅಂಚಿಗೆ ತರಬೇಡಿ. ಇಳಿಜಾರಿಗೆ ಲಾವಂಚ ನೆಡಬಹುದು, ಬೇರು ಆಳಕ್ಕೆ ಹೋಗುತ್ತೆ. ಜಾರಿದ ಜಾಗಕ್ಕೆ ಹಸಿ ಮಣ್ಣು ಸುರಿದು ಮುಚ್ಚಿದರೆ ಮುಂದಿನ ಸರದಿಗೆ ಅದೇ ಮೊದಲು ಬೀಳುತ್ತೆ. ಹಳೆ ಸಡಿಲ ಮಣ್ಣು ತೆಗೆದು, ಮೆಟ್ಟಿಲಾಗಿ ಕಡಿದು, ಪದರ ಪದರವಾಗಿ ದಮ್ಮಸ್ಸು ಮಾಡಿಸಿ. ದಂಡೆ ನೀರಾವರಿ ಇಲಾಖೆಯದು, ಹಾಗಾಗಿ ಕೆಲಸಕ್ಕೆ ಮೊದಲು ಅವರಿಗೊಂದು ಅರ್ಜಿ ಕೊಡಿ.