ಮೂರು ಸಾವಿರ ಕ್ಲೌಡ್ ಅಲರ್ಟ್‌ಗಳನ್ನು ಒಟ್ಟಿಗೆ ಬದಲಿಸೋದು ಹೇಗೆ?

(ಕಮಾಂಡ್‌ಗಳ ಹೆಸರನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ಹೈಫನ್ ಇದ್ದ ಕಡೆ ಹೈಫನ್ ಹಾಕಿ.)

ಪ್ರಶ್ನೆ: ಬಳ್ಳಾರಿಯಲ್ಲಿ ಜೀನ್ಸ್ ಸಗಟು ವ್ಯಾಪಾರದವರ ಆನ್‌ಲೈನ್ ಆರ್ಡರ್ ವ್ಯವಸ್ಥೆ ನೋಡಿಕೊಳ್ಳುತ್ತೇನೆ. ಇಲ್ಲಿ ಐಟಿ ಅಂದರೆ ನಾನೊಬ್ಬನೇ. ಎಡಬ್ಲ್ಯೂಎಸ್‌ನಲ್ಲಿ (ಅಮೆಜಾನ್ ಕ್ಲೌಡ್) ಸೆಕ್ಯುರಿಟಿ ಹಬ್ (ಭದ್ರತೆಯ ಲೋಪ ತೋರಿಸುವ ಸೇವೆ) ಆನ್ ಮಾಡಿದ ಮೇಲೆ ಸುಮಾರು ಮೂರು ಸಾವಿರ ಅಲರ್ಟ್ ಬಂದು ಕೂತಿವೆ. ಕನ್ಸೋಲ್‌ನಲ್ಲಿ ಪುಟ ಪುಟ ಟಿಕ್ ಮಾಡಿ ಸಾಕಾಗಿದೆ. ಮುಂದಿನ ತಿಂಗಳು ದೊಡ್ಡ ಗಿರಾಕಿಯೊಬ್ಬರ ಕಡೆಯಿಂದ ಆಡಿಟ್ ಇದೆ. ಕಮಾಂಡ್ ಲೈನ್‌ನಿಂದ ಎಲ್ಲವನ್ನೂ ಒಂದೇ ಸಲ ಮುಚ್ಚಬಹುದಾ? ‘ಅಪ್‌ಡೇಟ್-ಫೈಂಡಿಂಗ್ಸ್’ ಅನ್ನೋ ಕಮಾಂಡ್ ಸಿಕ್ಕಿದೆ. ಅದೇ ಸಾಕಾ?

ಉತ್ತರ: ಆ ಕಮಾಂಡ್ ಬಿಡಿ, ಅದು ಹಳೆಯದು. ಅದನ್ನು ಬಳಸಬೇಡಿ ಅಂತ ಎಡಬ್ಲ್ಯೂಎಸ್ಸೇ ಹೇಳಿದೆ. ಈಗ ಬಳಸಬೇಕಾದದ್ದು ‘ಎಡಬ್ಲ್ಯೂಎಸ್ ಸೆಕ್ಯುರಿಟಿಹಬ್ ಬ್ಯಾಚ್-ಅಪ್‌ಡೇಟ್-ಫೈಂಡಿಂಗ್ಸ್’. 2025ರಿಂದ ಕನ್ಸೋಲ್‌ನಲ್ಲಿ ಹಳೆಯ ಸೆಕ್ಯುರಿಟಿ ಹಬ್‌ಗೆ ಸೆಕ್ಯುರಿಟಿ ಹಬ್ ಸಿಎಸ್‌ಪಿಎಂ ಅನ್ನೋ ಹೆಸರು ಬಂದಿದೆ. ಕಮಾಂಡ್ ಹೆಸರು ಮಾತ್ರ ಹಾಗೇ ಇದೆ, ಗಾಬರಿ ಬೇಡ.

ಒಂದು ಸಲಕ್ಕೆ 100 ಫೈಂಡಿಂಗ್ (ನೀವು ಅಲರ್ಟ್ ಅನ್ನೋದಕ್ಕೆ ಸೆಕ್ಯುರಿಟಿ ಹಬ್ ಇಟ್ಟ ಹೆಸರು) ಅಷ್ಟೇ ಕಳಿಸಬಹುದು. ಮೂರು ಸಾವಿರ ಅಂದರೆ 30 ಸಲ. ಶೆಲ್‌ನಲ್ಲಿ ಒಂದು ಲೂಪ್ ಹಾಕಿದರೆ ಚಹಾ ಕುಡಿದು ಬರುವಷ್ಟರಲ್ಲಿ ಮುಗಿಯುತ್ತದೆ. ಹಾಗಾಗಿ ಕಮಾಂಡ್ ಓಡಿಸೋದು ಇಲ್ಲಿ ದೊಡ್ಡ ಕೆಲಸವೇ ಅಲ್ಲ. ಯಾವುದನ್ನು, ಯಾವ ಸ್ಟೇಟಸ್‌ಗೆ, ಏನಂತ ಬರೆದು ಬದಲಿಸುತ್ತೀರಿ ಅನ್ನೋದರ ಮೇಲೆ ನಿಮ್ಮ ಆಡಿಟ್ ನಿಂತಿದೆ.

ಮೊದಲು ‘ಗೆಟ್-ಫೈಂಡಿಂಗ್ಸ್’ ಓಡಿಸಿ ಎಲ್ಲವನ್ನೂ ಒಂದು ಫೈಲ್‌ಗೆ ಇಳಿಸಿಕೊಳ್ಳಿ. ಫಿಲ್ಟರ್‌ನಲ್ಲಿ ರೆಕಾರ್ಡ್‌ಸ್ಟೇಟ್ ‘ಆಕ್ಟಿವ್’, ವರ್ಕ್‌ಫ್ಲೋಸ್ಟೇಟಸ್ ‘ನ್ಯೂ’ ಇರಲಿ. ಈ ಫೈಲನ್ನು ಜೋಪಾನ ಮಾಡಿ. ಬ್ಯಾಚ್ ಅಪ್‌ಡೇಟ್‌ಗೆ ಅನ್‌ಡೂ ಬಟನ್ ಇಲ್ಲ. ನಾಳೆ ಏನಾದರೂ ಎಡವಟ್ಟಾದರೆ ಯಾವುದು ಮೊದಲು ಹೇಗಿತ್ತು ಅಂತ ಹೇಳೋದು ಈ ಫೈಲ್ ಒಂದೇ.

ಆಮೇಲೆ ಕಂಟ್ರೋಲ್ (ಸೆಕ್ಯುರಿಟಿ ಹಬ್ ಪರೀಕ್ಷಿಸುವ ಒಂದೊಂದು ನಿಯಮ) ಪ್ರಕಾರ ಎಣಿಸಿ. ಜೆಕ್ಯೂನಲ್ಲಿ (ಜೇಸನ್ ಫೈಲ್‌ನಿಂದ ಬೇಕಾದ್ದನ್ನು ಹೆಕ್ಕುವ ಸಣ್ಣ ಟೂಲ್) ಕಂಟ್ರೋಲ್ ಐಡಿ ತೆಗೆದು ‘ಸಾರ್ಟ್’, ‘ಯೂನಿಕ್ ಮೈನಸ್ ಸಿ’ (ಸ್ಪೆಲಿಂಗ್ ಯು-ಎನ್-ಐ-ಕ್ಯೂ ಅಷ್ಟೇ) ಹಾಕಿದರೆ ಸಾಕು. ಪಟ್ಟಿ ನೋಡಿದಾಗ ಹೆಚ್ಚಿನವರಿಗೆ ಅರ್ಧ ಭಾರ ಇಳಿಯುತ್ತದೆ. ಯಾಕೆಂದರೆ ಬೆರಳೆಣಿಕೆಯ ಕಂಟ್ರೋಲ್‌ಗಳೇ ರಾಶಿಯ ಬಹುಪಾಲು ತಿಂದಿರುತ್ತವೆ. ಉದಾಹರಣೆಗೆ ಇಸಿ2.6. ವಿಪಿಸಿಯಲ್ಲಿ (ಕ್ಲೌಡ್‌ನಲ್ಲಿ ನಿಮ್ಮ ಖಾಸಗಿ ನೆಟ್‌ವರ್ಕ್) ಫ್ಲೋ ಲಾಗ್ (ಬಂದು ಹೋದ ಟ್ರಾಫಿಕ್‌ನ ದಾಖಲೆ) ಆನ್ ಇಲ್ಲ ಅನ್ನೋದು ಅದರ ತಕರಾರು. ನಿಮ್ಮ ಸರ್ವರ್ ಇರೋದು ಮುಂಬೈ ರೀಜನ್‌ನಲ್ಲಿ (ಒಂದು ಪ್ರದೇಶದ ಡೇಟಾ ಸೆಂಟರ್‌ಗಳ ಗುಂಪು) ಮಾತ್ರ ಇರಬಹುದು. ಆದರೆ ಅಕೌಂಟ್ ತೆರೆದಾಗ 17 ರೀಜನ್‌ಗಳು ತಾವಾಗೇ ಆನ್ ಇರುತ್ತವೆ, ಒಂದೊಂದರಲ್ಲೂ ಒಂದು ಡೀಫಾಲ್ಟ್ ವಿಪಿಸಿ ಇರುತ್ತದೆ. ಸೆಕ್ಯುರಿಟಿ ಹಬ್ಬನ್ನು ಎಲ್ಲ ಕಡೆ ಆನ್ ಮಾಡಿದ್ದರೆ ಎಲ್ಲ ಕಡೆಯಿಂದಲೂ ಅದೇ ದೂರು. (ನಮಗೆ ಹತ್ತಿರದ ಹೈದರಾಬಾದ್ ರೀಜನ್ 2022ರ ನವೆಂಬರ್‌ನಲ್ಲಿ ಶುರುವಾಯಿತು. ಅದನ್ನು ನೀವೇ ಆನ್ ಮಾಡಿಕೊಳ್ಳಬೇಕು.) ಐಎಎಂ (ಯಾರಿಗೆ ಏನು ಅನುಮತಿ ಅಂತ ನೋಡಿಕೊಳ್ಳುವ ಸೇವೆ) ಕಂಟ್ರೋಲ್‌ಗಳ ಕಥೆಯೂ ಹೀಗೇ. ಐಎಎಂ ಇರೋದು ಒಂದೇ, ಅಲರ್ಟ್ ಮಾತ್ರ ರೀಜನ್‌ಗೊಂದು.

ಇಂಥವನ್ನು ಬ್ಯಾಚ್ ಹಾಕಿ ಮುಚ್ಚೋದು ದಂಡದ ಕೆಲಸ. ಬಳಸದ ಡೀಫಾಲ್ಟ್ ವಿಪಿಸಿಯನ್ನೇ ಅಳಿಸಿ, ಅದರ ಫೈಂಡಿಂಗ್ ತಾನಾಗೇ ಆರ್ಕೈವ್ ಆಗುತ್ತದೆ. ಐಎಎಂ ಕಂಟ್ರೋಲ್‌ಗಳನ್ನು ಒಂದು ರೀಜನ್‌ನಲ್ಲಿ ಉಳಿಸಿಕೊಂಡು ಬೇರೆ ಕಡೆ ಡಿಸೇಬಲ್ ಮಾಡಿ. ಇಷ್ಟು ಮಾಡಿದ ಮೇಲೆ ಉಳಿದದ್ದಕ್ಕೆ ಮಾತ್ರ ಬ್ಯಾಚ್ ಅಪ್‌ಡೇಟ್.

ಈಗ ಸ್ಟೇಟಸ್ ವಿಷಯ. ಹೆಚ್ಚಿನವರು ಎಡವೋದು ಇಲ್ಲೇ. ನಾಲ್ಕು ಸ್ಟೇಟಸ್ ಇವೆ: ನ್ಯೂ, ನೋಟಿಫೈಡ್, ಸಪ್ರೆಸ್ಡ್, ರಿಸಾಲ್ವ್ಡ್. ಎಲ್ಲವನ್ನೂ ರಿಸಾಲ್ವ್ಡ್ ಮಾಡಿದರೆ ಡ್ಯಾಶ್‌ಬೋರ್ಡ್ ಹಸಿರಾಗುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಆಗೋದಿಲ್ಲ. ಕಂಟ್ರೋಲ್ ಪಾಸಾ ಫೇಲಾ ಅಂತ ಲೆಕ್ಕ ಹಾಕುವಾಗ ಈ ನಾಲ್ಕರಲ್ಲಿ ಸೆಕ್ಯುರಿಟಿ ಹಬ್ ಬಿಟ್ಟುಬಿಡೋದು ಸಪ್ರೆಸ್ಡ್ ಫೈಂಡಿಂಗ್‌ಗಳನ್ನು ಮಾತ್ರ. ಫೈಲ್ ಇಡುವ ಎಸ್3 ಬಕೆಟ್ ಇನ್ನೂ ಪಬ್ಲಿಕ್ ಆಗೇ ಇದ್ದರೆ, ನೀವು ರಿಸಾಲ್ವ್ಡ್ ಅಂತ ಬರೆದರೂ ಅದು ಫೇಲ್ ಲೆಕ್ಕಕ್ಕೇ ಹೋಗುತ್ತದೆ. ನಿಜವಾಗಿ ಸರಿಮಾಡಿದರೆ ಮುಂದಿನ ತಪಾಸಣೆಯಲ್ಲಿ ಅದೇ ರಿಸಾಲ್ವ್ಡ್ ಆಗುತ್ತದೆ, ನೀವು ಮುಟ್ಟಬೇಕಾಗಿಯೇ ಇಲ್ಲ. ಅಂದರೆ ಕಂಟ್ರೋಲ್ ಫೈಂಡಿಂಗ್‌ಗಳಲ್ಲಿ ನಿಮ್ಮ ಕೈಯಿಂದ ಬದಲಾಗಬೇಕಾದ್ದು ಮುಖ್ಯವಾಗಿ ಎರಡು. ‘ಗೊತ್ತಿದೆ, ಕೆಲಸ ನಡೀತಿದೆ’ ಅನ್ನೋದಕ್ಕೆ ನೋಟಿಫೈಡ್. ‘ನೋಡಿದ್ದೇವೆ, ಬೇಕಂತಲೇ ಹೀಗಿಟ್ಟಿದ್ದೇವೆ’ ಅನ್ನೋದಕ್ಕೆ ಸಪ್ರೆಸ್ಡ್. ಡ್ಯಾಶ್‌ಬೋರ್ಡ್‌ನ ಸ್ಕೋರ್ 24 ಗಂಟೆಗೊಮ್ಮೆ ಲೆಕ್ಕವಾಗುತ್ತದೆ. ತಕ್ಷಣ ಬದಲಾಗಲಿಲ್ಲ ಅಂತ ಕಮಾಂಡನ್ನು ಮತ್ತೆ ಮತ್ತೆ ಹೊಡೆಯಬೇಡಿ.

ಕಮಾಂಡ್‌ಗೆ ಮೂರು ಭಾಗ ಬೇಕು. ಒಂದು, ಫೈಂಡಿಂಗ್-ಐಡೆಂಟಿಫೈಯರ್ಸ್. ಇದರಲ್ಲಿ ಐಡಿ ಜೊತೆಗೆ ಪ್ರಾಡಕ್ಟ್ ಎಆರ್‌ಎನ್ (ಫೈಂಡಿಂಗ್ ಕಳಿಸಿದ ಸೇವೆಯ ಗುರುತು) ಕೂಡ ಇರಲೇಬೇಕು, ಬರೀ ಐಡಿ ಕೊಟ್ಟರೆ ಒಪ್ಪುವುದಿಲ್ಲ. ಎರಡು, ವರ್ಕ್‌ಫ್ಲೋ ಸ್ಟೇಟಸ್. ಮೂರು, ನೋಟ್. ನೋಟ್ ಕಡ್ಡಾಯವೇನಲ್ಲ. ಆದರೆ ನಾನು ನೋಟ್ ಇಲ್ಲದ ಸಪ್ರೆಸ್ ಒಪ್ಪುವುದಿಲ್ಲ, ನಿಮ್ಮ ಆಡಿಟರೂ ಒಪ್ಪಲಿಕ್ಕಿಲ್ಲ. ‘ಓಕೆ’ ಅಂತ ಬರೆದರೆ ಅದು ನೋಟ್ ಆಗದು. ‘ಈ ಬಕೆಟ್‌ನಲ್ಲಿ ಕ್ಯಾಟಲಾಗ್ ಫೋಟೋ ಮಾತ್ರ ಇವೆ, ಪಬ್ಲಿಕ್ ಇರಬೇಕಾದ್ದೇ, ಮಾಲೀಕರ ಒಪ್ಪಿಗೆ ಇದೆ, ಮಾರ್ಚ್‌ನಲ್ಲಿ ಮತ್ತೆ ನೋಡಬೇಕು’ ಅಂತ ಬರೆಯಿರಿ. 512 ಅಕ್ಷರದೊಳಗೆ ಮುಗಿಸಿ, ಯಾರು ಬರೆದರು ಅನ್ನೋದನ್ನೂ ಅದರ ಜಾಗದಲ್ಲಿ ತುಂಬಿ. ಹೊಸ ನೋಟ್ ಹಾಕಿದರೆ ಹಳೆಯದು ಹೋಗುತ್ತದೆ, ನೆನಪಿರಲಿ.

100ರ ಕಟ್ಟುಗಳನ್ನು ಮಾಡೋದು ಸುಲಭ. ಜೆಕ್ಯೂನಿಂದ ಸಾಲಿಗೊಂದರಂತೆ ಐಡಿ, ಪ್ರಾಡಕ್ಟ್ ಎಆರ್‌ಎನ್ ತೆಗೆಯಿರಿ. ‘ಸ್ಪ್ಲಿಟ್ ಮೈನಸ್ ಎಲ್ 100’ ಹಾಕಿದರೆ ಫೈಲ್‌ಗಳು ಬೇರೆ ಬೇರೆಯಾಗುತ್ತವೆ. ಪ್ರತಿಯೊಂದನ್ನೂ ‘ಜೆಕ್ಯೂ ಮೈನಸ್ ಎಸ್’ನಲ್ಲಿ ಅರೇ ಮಾಡಿ, ‘ಫೈಲ್’ ಬರೆದು ಕೋಲನ್, ಎರಡು ಸ್ಲ್ಯಾಶ್, ಆಮೇಲೆ ಫೈಲ್‌ನ ಹೆಸರು ಕೊಟ್ಟು ಕಮಾಂಡ್‌ಗೆ ಸೇರಿಸಿ. ಮೊದಲ ಸಲವೇ 30 ಕಟ್ಟನ್ನೂ ಬಿಡಬೇಡಿ. ಎಪಿಎಂಸಿಯಲ್ಲಿ ಲಾರಿ ಇಳಿಸುವ ಮೊದಲು ಒಂದೆರಡು ಚೀಲಕ್ಕೆ ಚುಚ್ಚಿ ಹಿಡಿ ಭತ್ತ ತೆಗೆದು ನೋಡ್ತಾರಲ್ವಾ, ಹಾಗೆ ಐದು ಫೈಂಡಿಂಗ್ ಮಾತ್ರ ಕಳಿಸಿ. ಕನ್ಸೋಲ್‌ನಲ್ಲಿ ತೆರೆದು ಸ್ಟೇಟಸ್, ನೋಟ್ ಎರಡೂ ಸರಿಯಾಗಿ ಕೂತಿವೆಯಾ ನೋಡಿ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಕಮಾಂಡ್ ಎರರ್ ಕೊಡದೆ ಮುಗಿದರೆ ಎಲ್ಲವೂ ಬದಲಾಗಿದೆ ಅಂತ ನಂಬಬೇಡಿ. ಉತ್ತರದಲ್ಲಿ ಎರಡು ಪಟ್ಟಿ ಬರುತ್ತವೆ, ಪ್ರೊಸೆಸ್ಡ್ ಫೈಂಡಿಂಗ್ಸ್ ಮತ್ತು ಅನ್‌ಪ್ರೊಸೆಸ್ಡ್ ಫೈಂಡಿಂಗ್ಸ್. ನೂರರಲ್ಲಿ ನಲವತ್ತು ಎರಡನೇ ಪಟ್ಟಿಗೆ ಬಿದ್ದರೂ ಶೆಲ್‌ಗೆ ಸಿಗುವ ಎಕ್ಸಿಟ್ ಕೋಡ್ ಸೊನ್ನೆಯೇ, ಅಂದರೆ ‘ಎಲ್ಲ ಸರಿ’. ನಿಮ್ಮ ಲೂಪ್ ಖುಷಿಯಿಂದ ಮುಂದೆ ಹೋಗುತ್ತದೆ. ಆದ್ದರಿಂದ ಪ್ರತಿ ಉತ್ತರವನ್ನೂ ಫೈಲ್‌ಗೆ ಬರೆಸಿ, ಕೊನೆಗೆ ಅನ್‌ಪ್ರೊಸೆಸ್ಡ್ ಎಷ್ಟು ಅಂತ ಎಣಿಸಿ. ‘ಫೈಂಡಿಂಗ್‌ನಾಟ್‌ಫೌಂಡ್’ ಅಂತಿದ್ದರೆ ರೀಜನ್ ತಪ್ಪಿದೆಯಾ ಅಂತ ಮೊದಲು ನೋಡಿ. ‘ಕಾನ್‌ಕರೆಂಟ್‌ಅಪ್‌ಡೇಟ್‌ಎರರ್’ ಇದ್ದರೆ ಅದೇ ಹೊತ್ತಿಗೆ ಬೇರೆ ಯಾವುದೋ ಅದನ್ನು ಮುಟ್ಟುತ್ತಿತ್ತು ಅಂತ ಅರ್ಥ. ಸ್ವಲ್ಪ ಬಿಟ್ಟು ಅಷ್ಟನ್ನೇ ಮತ್ತೆ ಕಳಿಸಿ.

ಗಾರ್ಡ್‌ಡ್ಯೂಟಿಯಿಂದ (ದಾಳಿಯ ಸುಳಿವು ಹುಡುಕುವ ಎಡಬ್ಲ್ಯೂಎಸ್ ಸೇವೆ) ಬಂದ ಫೈಂಡಿಂಗ್‌ಗಳನ್ನು ಈ ರಾಶಿಗೆ ಸೇರಿಸಲೇಬೇಡಿ. ಕಂಟ್ರೋಲ್ ಫೈಂಡಿಂಗ್ ಅಂದರೆ ಬಾಗಿಲು ತೆರೆದಿದೆ ಅನ್ನೋ ಸುದ್ದಿ. ಗಾರ್ಡ್‌ಡ್ಯೂಟಿಯದ್ದು ಯಾರೋ ಒಳಗೆ ಬಂದಿರಬಹುದು ಅನ್ನೋ ಸುದ್ದಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಅಂಥದ್ದೊಂದು ನಿಮ್ಮ ಮೂರು ಸಾವಿರದ ಜೊತೆ ಸುಮ್ನೆ ಸಪ್ರೆಸ್ ಆಗಿ ಹೋದರೆ ಕಷ್ಟ. ಫಿಲ್ಟರನ್ನು ಕಂಟ್ರೋಲ್ ಐಡಿ ಮೇಲೆ ಹಾಕಿದರೆ ಈ ಅಪಾಯ ಇಲ್ಲ.

ಪ್ರಶ್ನೆ: ರಾಯಚೂರಿನಿಂದ ಬರೆಯುತ್ತಿದ್ದೇನೆ, ಕ್ಲೌಡ್ ಸಪೋರ್ಟ್‌ನಲ್ಲಿ ಹೊಸಬಳು. ಇಸಿ2.8 ಅಲರ್ಟ್‌ಗಳನ್ನೆಲ್ಲ ಬ್ಯಾಚ್‌ನಲ್ಲಿ ರಿಸಾಲ್ವ್ಡ್ ಮಾಡಿದೆ. ಎರಡು ದಿನದಲ್ಲಿ ಅಷ್ಟೇ ಸಂಖ್ಯೆಯ ಹೊಸ ಅಲರ್ಟ್ ಬಂದಿವೆ. ಕಮಾಂಡ್ ಕೆಲಸ ಮಾಡಲಿಲ್ವಾ?

ಉತ್ತರ: ಕಮಾಂಡ್ ಕೆಲಸ ಮಾಡಿದೆ. ಹೊಸದಾಗಿ ಬಂದವುಗಳ ಐಡಿಯನ್ನು ಹಳೆಯವುಗಳ ಜೊತೆ ಹೋಲಿಸಿ ನೋಡಿ.

ಐಡಿ ಬೇರೆ ಇದ್ದರೆ ಸರ್ವರ್‌ಗಳೇ ಬೇರೆ. ಆಟೋ ಸ್ಕೇಲಿಂಗ್ (ಬೇಡಿಕೆಗೆ ತಕ್ಕಂತೆ ಸರ್ವರ್‌ಗಳು ತಾವಾಗೇ ಹೆಚ್ಚುಕಮ್ಮಿ ಆಗೋದು) ಇದ್ದ ಕಡೆ ಹಳೆಯ ಇನ್‌ಸ್ಟನ್ಸ್ (ಅಂದರೆ ಸರ್ವರ್) ಹೋಗಿ ಹೊಸದು ಹುಟ್ಟುತ್ತಲೇ ಇರುತ್ತದೆ. ಇಸಿ2.8 ಕೇಳೋದು ಇನ್‌ಸ್ಟನ್ಸ್ ತನ್ನದೇ ವಿವರ ಪಡೆಯುವ ಮೆಟಾಡೇಟಾ ಸೇವೆಯ ಎರಡನೇ ಆವೃತ್ತಿಯನ್ನು, ಅಂದರೆ ಐಎಂಡಿಎಸ್‌ವಿ2 ಕಡ್ಡಾಯ ಮಾಡಿದ್ದೀರಾ ಅಂತ. ಹೊಸ ಸರ್ವರ್‌ಗಳ ಅಚ್ಚಾದ ಲಾಂಚ್ ಟೆಂಪ್ಲೇಟ್‌ನಲ್ಲಿ ಅದನ್ನು ಬದಲಿಸದೆ ಇದ್ದರೆ ಹುಟ್ಟುವ ಪ್ರತಿ ಇನ್‌ಸ್ಟನ್ಸೂ ಒಂದು ಹೊಸ ಅಲರ್ಟ್ ತರುತ್ತದೆ. ಟೆಂಪ್ಲೇಟ್‌ನಲ್ಲಿ ‘ಎಚ್‌ಟಿಟಿಪಿ ಟೋಕನ್ಸ್’ ಅನ್ನೋದನ್ನು ‘ರಿಕ್ವೈರ್ಡ್’ ಮಾಡಿ. ಹಳೆಯ ಆಪ್ ಮೊದಲ ಆವೃತ್ತಿಯನ್ನೇ ನಂಬಿಕೊಂಡಿದ್ದರೆ ಇದರಿಂದ ನಿಲ್ಲಬಹುದು. ಅದಕ್ಕೆ ಮೊದಲು ಒಂದು ಟೆಸ್ಟ್ ಸರ್ವರ್‌ನಲ್ಲಿ ಮಾಡಿ ನೋಡಿ.

ಐಡಿ ಅದೇ ಇದ್ದು ಸ್ಟೇಟಸ್ ಮತ್ತೆ ನ್ಯೂ ಆಗಿದ್ದರೆ ಕಾರಣ ಬೇರೆ. ನೋಟಿಫೈಡ್ ಅಥವಾ ರಿಸಾಲ್ವ್ಡ್ ಆಗಿದ್ದ ಫೈಂಡಿಂಗ್ ಪಾಸ್‌ನಿಂದ ಫೇಲ್‌ಗೆ ಬಿದ್ದರೆ, ಇಲ್ಲವೇ ಆರ್ಕೈವ್‌ನಿಂದ ಮತ್ತೆ ಆಕ್ಟಿವ್ ಆದರೆ, ಸೆಕ್ಯುರಿಟಿ ಹಬ್ ಅದನ್ನು ನ್ಯೂ ಮಾಡುತ್ತದೆ. ಯಾರೋ ಬೆಳಿಗ್ಗೆ 22ನೇ ಪೋರ್ಟ್ (ಸರ್ವರ್‌ಗೆ ದೂರದಿಂದ ಲಾಗಿನ್ ಆಗುವ ದಾರಿ) ತೆರೆದು ಸಂಜೆ ಮುಚ್ಚುವ ತಂಡಗಳಲ್ಲಿ ಇದು ದಿನವೂ ಕಾಣುತ್ತದೆ. ಆ ಮನುಷ್ಯನ ಜೊತೆ ಮಾತಾಡೋದೇ ಇದಕ್ಕೆ ಮದ್ದು, ಸ್ಕ್ರಿಪ್ಟ್ ಏನೂ ಮಾಡದು.

ನಿಜಕ್ಕೂ ಸಪ್ರೆಸ್ ಮಾಡಬೇಕಾದ್ದು ಪದೇ ಪದೇ ಬರುತ್ತಿದ್ದರೆ ಆಟೊಮೇಷನ್ ರೂಲ್ ಬರೆಯಿರಿ. 2023ರಿಂದ ಈ ಸೌಲಭ್ಯ ಇದೆ. ರೂಲ್ ಬರೆದ ಮೇಲೆ ಬರುವ ಅಥವಾ ಅಪ್‌ಡೇಟ್ ಆಗುವ ಫೈಂಡಿಂಗ್‌ಗಳಿಗೆ ಮಾತ್ರ ಅದು ತಾಗುತ್ತದೆ. ಈಗಾಗಲೇ ಕೂತಿರುವ ಹಳೆಯ ರಾಶಿಗೆ ಬ್ಯಾಚ್ ಕಮಾಂಡೇ ಬೇಕು. ಎರಡೂ ಜೊತೆಗಿದ್ದರೆ ಒಳ್ಳೆಯದು.

ಪ್ರಶ್ನೆ: ಗಂಗಾವತಿಯ ಅಕ್ಕಿ ಗಿರಣಿಯೊಂದರ ಬಿಲ್ಲಿಂಗ್ ಗೂಗಲ್ ಕ್ಲೌಡ್‌ನಲ್ಲಿದೆ. ಅಲ್ಲೂ ಹೀಗೆ ಮಾಡಬಹುದಾ? ಪಕ್ಕದ ಗಿರಣಿಯವರದ್ದು ಅಜೂರ್.

ಉತ್ತರ: ಗೂಗಲ್‌ನಲ್ಲಿ ಇನ್ನೂ ಸುಲಭ. ಅಲ್ಲಿ ಈ ಕೆಲಸ ಸೆಕ್ಯುರಿಟಿ ಕಮಾಂಡ್ ಸೆಂಟರ್ (ಎಸ್‌ಸಿಸಿ) ಅನ್ನೋದರದ್ದು. ‘ಜಿಕ್ಲೌಡ್ ಎಸ್‌ಸಿಸಿ ಫೈಂಡಿಂಗ್ಸ್ ಬಲ್ಕ್-ಮ್ಯೂಟ್’ ಕಮಾಂಡ್‌ಗೆ ಯಾವ ಪ್ರಾಜೆಕ್ಟ್ ಮತ್ತು ಫಿಲ್ಟರ್ ಅಂತ ಕೊಟ್ಟರೆ ಹೊಂದುವ ಎಲ್ಲವೂ ಮ್ಯೂಟ್ ಆಗುತ್ತವೆ. ಐಡಿ ಪಟ್ಟಿ ಬೇಡ, ನೂರರ ಕಟ್ಟೂ ಬೇಡ. ಸುಲಭ ಇರೋದರಿಂದಲೇ ಫಿಲ್ಟರ್ ಬಗ್ಗೆ ಜಾಸ್ತಿ ಹುಷಾರಾಗಿರಿ. ಮೊದಲು ಅದೇ ಫಿಲ್ಟರನ್ನು ‘ಫೈಂಡಿಂಗ್ಸ್ ಲಿಸ್ಟ್’ಗೆ ಕೊಟ್ಟು ಏನೇನು ಬರುತ್ತದೆ ಓದಿ. ಮ್ಯೂಟ್ ಮಾಡಿದರೆ ಫೈಂಡಿಂಗ್ ಅಳಿಯುವುದಿಲ್ಲ, ಕಣ್ಣ ಮುಂದಿನಿಂದ ಸರಿಯುತ್ತದೆ ಅಷ್ಟೇ. ಬೇಕಾದಾಗ ಹುಡುಕಿ ಅನ್‌ಮ್ಯೂಟ್ ಮಾಡಬಹುದು.

ಅಜೂರ್‌ನ ‘ಎಝಡ್ ಸೆಕ್ಯುರಿಟಿ ಅಲರ್ಟ್ ಅಪ್‌ಡೇಟ್’ ಒಂದು ಸಲಕ್ಕೆ ಒಂದೇ ಅಲರ್ಟ್ ಬದಲಿಸುತ್ತದೆ. ಲೂಪ್ ಬರೆಯಬೇಕು. ಪದೇ ಪದೇ ಬರೋದಕ್ಕೆ ಅಲ್ಲೂ ಸಪ್ರೆಷನ್ ರೂಲ್ ಇದೆ.

ಪ್ರಶ್ನೆ: ಸಿಂಧನೂರಿನಲ್ಲಿ ಮನೆಯಿಂದಲೇ ಕೆಲಸ. ಮೊಬೈಲ್ ನೆಟ್, ಕರೆಂಟು ಯಾವಾಗ ಹೋಗುತ್ತೋ ಗೊತ್ತಿಲ್ಲ. ಸೆಕ್ಯುರಿಟಿ ಹಬ್‌ನ ಬ್ಯಾಚ್ ಸ್ಕ್ರಿಪ್ಟ್ ಅರ್ಧಕ್ಕೆ ನಿಂತರೆ ಏನಾಗುತ್ತದೆ?

ಉತ್ತರ: ಏನೂ ಕೆಡುವುದಿಲ್ಲ. ಸಪ್ರೆಸ್ಡ್ ಆಗಿರುವುದಕ್ಕೆ ಮತ್ತೊಮ್ಮೆ ಸಪ್ರೆಸ್ಡ್ ಅಂದರೆ ಅದು ಹಾಗೇ ಇರುತ್ತದೆ. ಮೊದಲಿನಿಂದ ಓಡಿಸಿದರೂ ನಡೆಯುತ್ತದೆ. ಕಳಿಸಿದ ಕಟ್ಟುಗಳ ಫೈಲನ್ನು ‘ಮುಗಿದವು’ ಅನ್ನೋ ಫೋಲ್ಡರ್‌ಗೆ ಸರಿಸುವಂತೆ ಸ್ಕ್ರಿಪ್ಟ್ ಬರೆದರೆ ಉಳಿದದ್ದು ಯಾವುದು ಅಂತ ತಕ್ಷಣ ಗೊತ್ತಾಗುತ್ತದೆ.

ಲ್ಯಾಪ್‌ಟಾಪ್ ಬದಲು ಬ್ರೌಸರ್‌ನಲ್ಲಿ ತೆರೆಯುವ ಕ್ಲೌಡ್‌ಶೆಲ್ ಬಳಸಿ. ಆಗ ಸಾವಿರಾರು ಫೈಂಡಿಂಗ್‌ಗಳ ದೊಡ್ಡ ಫೈಲ್ ನಿಮ್ಮ ಮೊಬೈಲ್ ಡೇಟಾ ತಿನ್ನುವುದಿಲ್ಲ. ಆಕ್ಸೆಸ್ ಕೀಯನ್ನು ಲ್ಯಾಪ್‌ಟಾಪ್‌ನಲ್ಲಿ ಇಡಬೇಕಾಗಿಯೂ ಇಲ್ಲ. ಹೋಮ್ ಫೋಲ್ಡರ್‌ನಲ್ಲಿ ರೀಜನ್‌ಗೆ 1 ಜಿಬಿ ಜಾಗ ಉಳಿಯುತ್ತದೆ. ಆದರೆ 20ರಿಂದ 30 ನಿಮಿಷ ಕೀಬೋರ್ಡ್ ಮುಟ್ಟದಿದ್ದರೆ ಸೆಷನ್ ಮುಗಿಯುತ್ತದೆ. ಫೈಲ್‌ಗಳು ಹೋಮ್ ಫೋಲ್ಡರ್‌ನಲ್ಲೇ ಇರಲಿ, ಅದರ ಹೊರಗೆ ಇಟ್ಟದ್ದು ಉಳಿಯುವುದಿಲ್ಲ.

ಕೆಲಸ ಮುಗಿದ ಮೇಲೆ ಹಳೆಯ ಪಟ್ಟಿ ಮತ್ತು ಉತ್ತರದ ಫೈಲ್‌ಗಳನ್ನು ಎಸ್3 ಬಕೆಟ್‌ಗೆ ಹಾಕಿ. 90 ದಿನ ಅಪ್‌ಡೇಟ್ ಆಗದ ಆಕ್ಟಿವ್ ಫೈಂಡಿಂಗನ್ನು ಸೆಕ್ಯುರಿಟಿ ಹಬ್ ಅಳಿಸುತ್ತದೆ. ಯಾರು ಯಾವಾಗ ಕಮಾಂಡ್ ಓಡಿಸಿದರು ಅನ್ನೋ ಕ್ಲೌಡ್‌ಟ್ರೇಲ್ ಹಿಸ್ಟರಿಯೂ 90 ದಿನ ಮಾತ್ರ ಕಾಣುತ್ತದೆ. ಸರ್ಟ್-ಇನ್ ಕೇಳೋದು 180 ದಿನದ ಲಾಗ್. ಹಾಗಾಗಿ ಎಸ್3ಗೆ ಬರೆಯುವ ಒಂದು ಟ್ರೇಲ್ ಇದೆಯಾ ಅಂತ ಇವತ್ತೇ ನೋಡಿ, ಇಲ್ಲದಿದ್ದರೆ ಬ್ಯಾಚ್ ಶುರು ಮಾಡುವ ಮೊದಲೇ ಆನ್ ಮಾಡಿ.