ಅಮೆರಿಕದ ಸಣ್ಣ ಆಯಿಲ್ ಟೌನ್ ಹೇಗಿರುತ್ತದೆ? ಕಿಲ್ಗೋರ್ ಊರಿನ ಕಥೆ

"ಅಮೆರಿಕದ ಆಯಿಲ್ ಟೌನ್‌ಗಳು ನಿಜಕ್ಕೂ ಹೇಗಿರುತ್ತವೆ? ತೈಲದ ಭರಾಟೆ ಇಳಿದ ಮೇಲೆ ಆ ಊರುಗಳು ಪಾಳು ಬೀಳುತ್ತವಾ?" ಅಂತ ಕೇಳಿದ್ದೀರಿ. ಪಾಳು ಬಿದ್ದವೂ ಇವೆ, ಬೀಳದವೂ ಇವೆ. ನಾನು ಡಲ್ಲಾಸ್ ಕಡೆ ಇರುವವನು. ಇಲ್ಲಿಂದ ಪೂರ್ವಕ್ಕೆ ಕಾರಿನಲ್ಲಿ ಎರಡು ಗಂಟೆ ಹೋದರೆ ಕಿಲ್ಗೋರ್ ಸಿಗುತ್ತದೆ. ನನಗೆ ಸ್ವಲ್ಪ ಚೆನ್ನಾಗಿ ಗೊತ್ತಿರುವ ಊರು ಅದು, ಅದರ ಕಥೆಯನ್ನೇ ಹೇಳುತ್ತೇನೆ.

1872ರಲ್ಲಿ ರೈಲು ಬಂದಾಗ ಹುಟ್ಟಿದ ಊರು. ಹತ್ತಿ ಬೆಳೆಯುತ್ತಿದ್ದರು. 1930ರ ಹೊತ್ತಿಗೆ ಹತ್ತಿಯ ಬೆಲೆ ಬಿದ್ದು, ಆರ್ಥಿಕ ಮುಗ್ಗಟ್ಟೂ ಸೇರಿಕೊಂಡು, ಅಲ್ಲಿ ಉಳಿದಿದ್ದವರು 500 ಜನ ಅಷ್ಟೇ. ಅದೇ ಅಕ್ಟೋಬರ್‌ನಲ್ಲಿ ಪಕ್ಕದ ರಸ್ಕ್ ಕೌಂಟಿಯಲ್ಲಿ 'ಡ್ಯಾಡ್' ಜಾಯ್ನರ್ ಅನ್ನೋ ಎಪ್ಪತ್ತು ವರ್ಷದ ಮುದುಕ ಬಾವಿ ಕೊರೆದು ತೈಲ ಕಂಡುಕೊಂಡ. ದೊಡ್ಡ ಕಂಪನಿಗಳ ಭೂವಿಜ್ಞಾನಿಗಳು ಇಲ್ಲಿ ಏನೂ ಸಿಗಲ್ಲ ಅಂದಿದ್ದ ಜಾಗ ಅದು. ಆಸಾಮಿ ಸಾಚಾ ಏನಲ್ಲ. ಒಂದೇ ಬಾವಿಯ ಅದೇ ಷೇರನ್ನು ಮತ್ತೆ ಮತ್ತೆ ಬೇರೆ ಬೇರೆ ಜನಕ್ಕೆ ಮಾರಿ ಕೂತಿದ್ದ! ಡಿಸೆಂಬರ್ 28ರಂದು ಕಿಲ್ಗೋರ್ ಪಕ್ಕದಲ್ಲೇ ಲೂ ಡೆಲ್ಲಾ ಕ್ರಿಮ್ ಅನ್ನುವವರ ಹೊಲದಲ್ಲೂ ತೈಲ ಚಿಮ್ಮಿತು, ದಿನಕ್ಕೆ 22,000 ಬ್ಯಾರೆಲ್. ಅವತ್ತು ಭಾನುವಾರ, ಆಕೆ ಚರ್ಚಿನಲ್ಲಿದ್ದರಂತೆ.

ಮುಂದೆ ಆದದ್ದೆಲ್ಲ ಒಂದು ಕಾನೂನಿನ ಫಲ. ಟೆಕ್ಸಾಸ್‌ನಲ್ಲಿ ಜಮೀನಿನ ಯಜಮಾನನಿಗೆ ಅದರ ಕೆಳಗಿನ ತೈಲವೂ ಸೇರುತ್ತದೆ. ಆದರೆ ತೈಲ ಬೇಲಿ ನೋಡಿಕೊಂಡು ನಿಲ್ಲಲ್ಲ. ನಿಮ್ಮ ನೆಲದಡಿಯಿಂದ ಪಕ್ಕದವನ ಬಾವಿಗೆ ಹರಿದರೆ ಅದು ಅವನದೇ. ಯಾರು ಮೇಲೆತ್ತಿದರೋ ಅವರಿಗೆ ಸೇರಿತು! ಕೋಲಾರದ ಕಡೆ ಒಬ್ಬ ಸಾವಿರ ಅಡಿ ಬೋರ್ ಹಾಕಿಸಿದರೆ ಪಕ್ಕದವನು ಸಾವಿರದಿನ್ನೂರು ಹಾಕಿಸುತ್ತಾನಲ್ಲ, ಥೇಟ್ ಹಾಗೆ. ಸುಮ್ನೆ ಕೂತವನಿಗೆ ನಷ್ಟ.

ಹಾಗಾಗಿ ಅಂಗಡಿ ಹಿಂದೆ, ಮನೆ ಹಿತ್ತಲಲ್ಲಿ, ಚರ್ಚಿನ ಪಕ್ಕದಲ್ಲಿ, ಎಲ್ಲೆಂದರಲ್ಲಿ ಬಾವಿ ಕೊರೆದರು. ಕೊರೆಯುವ ಯಂತ್ರವನ್ನು ಹೊತ್ತು ನಿಲ್ಲುವ ಎತ್ತರದ ಗೋಪುರಕ್ಕೆ ಡೆರಿಕ್ ಅನ್ನುತ್ತಾರೆ. ಊರಿನ ಗಡಿಯೊಳಗೇ ಸಾವಿರಕ್ಕಿಂತ ಜಾಸ್ತಿ ಡೆರಿಕ್‌ಗಳು ಎದ್ದವು. ಪೇಟೆಯ ನಟ್ಟನಡುವೆ ಒಂದು ಎಕರೆಗಿಂತ ತುಸು ಹೆಚ್ಚಿನ ಜಾಗದಲ್ಲಿ 24 ಬಾವಿಗಳಿದ್ದವು. ಒಂದು ಬಾವಿಯನ್ನಂತೂ ಬ್ಯಾಂಕಿನ ನೆಲವನ್ನೇ ಒಡೆದು ಕೊರೆದರು. ಆ ತುಂಡು ಜಾಗಕ್ಕೆ 'ಜಗತ್ತಿನ ಅತಿ ಶ್ರೀಮಂತ ಎಕರೆ' ಅಂತ ಹೆಸರು, ಅಲ್ಲಿಂದ 25 ಲಕ್ಷ ಬ್ಯಾರೆಲ್ ದಾಟಿ ತೆಗೆದಿದ್ದಾರೆ. ಹಳೆಯ ಫೋಟೋ ನೋಡಿ, ಒಂದು ಡೆರಿಕ್‌ನ ಕಾಲು ಇನ್ನೊಂದರ ಕಾಲಿಗೆ ತಾಗುವಷ್ಟು ಹತ್ತಿರ. ಎಂಜಿನಿಯರಿಂಗ್ ಲೆಕ್ಕದಲ್ಲಿ ಶುದ್ಧ ದಂಡ. ಅಷ್ಟು ತೈಲಕ್ಕೆ ಒಂದೆರಡು ಬಾವಿ ಸಾಕಿತ್ತು.

ಜನ ನುಗ್ಗಿದ್ದೂ ಹಾಗೇ. ಕೆಲವೇ ವರ್ಷದಲ್ಲಿ 500 ಇದ್ದದ್ದು 12,000 ಆಯಿತು. ಗುಡಾರ, ತಗಡಿನ ಶೆಡ್ಡು, ಮೊಣಕಾಲುದ್ದ ಕೆಸರು. ಜೂಜು, ಕಳ್ಳಭಟ್ಟಿ, ಸುಲಿಗೆ ಎಲ್ಲ ಬಂತು. 1931ರ ಶುರುವಿನಲ್ಲೇ ಊರವರು ತರಾತುರಿಯಲ್ಲಿ ನಗರಸಭೆ ಕಟ್ಟಿಕೊಂಡರು. ಮೊದಲ ಮೇಯರ್ ಮಾಲ್ಕಮ್ ಕ್ರಿಮ್, ಆ ಲೂ ಡೆಲ್ಲಾ ಅವರ ಮಗ, ಅಂಗಡಿ ಇಟ್ಟುಕೊಂಡಿದ್ದವರು. ಜೈಲು ಇರಲಿಲ್ಲ. 'ಒಂಟಿ ತೋಳ' ಅಂತ ಹೆಸರಾದ ಟೆಕ್ಸಾಸ್ ರೇಂಜರ್ (ಅಂದರೆ ರಾಜ್ಯದ ಪೊಲೀಸ್ ಅಧಿಕಾರಿ) ಗೊಂಜಾಲೆಸ್ ಬಂದು, ಹಳೆಯ ಬ್ಯಾಪ್ಟಿಸ್ಟ್ ಚರ್ಚಿನೊಳಗೆ ಉದ್ದಕ್ಕೆ ಸರಪಳಿ ಹಾಸಿ, ಹಿಡಿದವರನ್ನೆಲ್ಲ ಅದಕ್ಕೇ ಕಟ್ಟಿಹಾಕಿದ. ಅಂಗೈ ನೋಡಿ ಹಿಡಿಯುತ್ತಿದ್ದನಂತೆ. ಕೈಯಲ್ಲಿ ಜಡ್ಡು ಇದ್ದರೆ ಕೂಲಿಯವನು, ಬಿಟ್ಟುಬಿಡು. ಮೆತ್ತಗಿದ್ದರೆ ಜೂಜುಕೋರ, ಒಳಗೆ ಹಾಕು. ಕೇಳೋಕೆ ಮಜವಾಗಿದೆ, ಆದರೆ ಕೆಲಸ ಹುಡುಕಿ ಬಂದ ಗುಮಾಸ್ತನ ಗತಿ ಏನಾಗಿರಬೇಡ ಹೇಳಿ!

ಎಲ್ಲರೂ ಒಟ್ಟಿಗೆ ಎತ್ತಿದ್ದಕ್ಕೆ ತೈಲದ ಬೆಲೆ ಪಾತಾಳಕ್ಕೆ ಬಿತ್ತು. ಒಂದು ಡಾಲರ್ ಆಸುಪಾಸಿನಲ್ಲಿದ್ದ ಬ್ಯಾರೆಲ್, 1931ರ ಬೇಸಿಗೆಯಲ್ಲಿ 10–15 ಸೆಂಟ್. ಆಗಸ್ಟ್‌ನಲ್ಲಿ ಗವರ್ನರ್ ರಾಸ್ ಸ್ಟರ್ಲಿಂಗ್ ಮಿಲಿಟರಿ ಕಾಯ್ದೆ ಹೇರಿ, ಬಾವಿಗಳನ್ನು ಮುಚ್ಚಿಸೋಕೆ ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕಳಿಸಿದ. ಈ ಸ್ಟರ್ಲಿಂಗ್ ಸ್ವತಃ ಹಂಬಲ್ ಅನ್ನೋ ದೊಡ್ಡ ತೈಲ ಕಂಪನಿ ಕಟ್ಟಿದವರಲ್ಲಿ ಒಬ್ಬ. ಸಣ್ಣ ಬಾವಿಯವರಿಗೆ ಅನುಮಾನ ಬಂದಿದ್ದರಲ್ಲಿ ತಪ್ಪೇನಿಲ್ಲ ಅಲ್ವಾ? ಮುಂದಿನ ವರ್ಷ ಸುಪ್ರೀಂ ಕೋರ್ಟೂ ಗವರ್ನರ್ ಮಾಡಿದ್ದು ಸರಿಯಲ್ಲ ಅಂತು. ಅಷ್ಟರಲ್ಲಿ ಮಿತಿ ಮೀರಿ ತೆಗೆದ ತೈಲವನ್ನು ರಾತ್ರೋರಾತ್ರಿ ಕದ್ದು ಸಾಗಿಸುವ 'ಹಾಟ್ ಆಯಿಲ್' ದಂಧೆ ಜೋರಾಗಿತ್ತು. 1935ರ ಕೇಂದ್ರ ಕಾಯ್ದೆಯ ನಂತರವೇ ಅದು ಹತೋಟಿಗೆ ಬಂದದ್ದು. ಯಾವ ಬಾವಿ ಎಷ್ಟು ತೆಗೆಯಬೇಕು ಅಂತ ಕೋಟಾ ಹಾಕುವ ಅಧಿಕಾರ ಟೆಕ್ಸಾಸ್ ರೈಲ್‌ರೋಡ್ ಕಮಿಷನ್ (ಹೆಸರು ರೈಲಿನದ್ದಾದರೂ ತೈಲವನ್ನೂ ನೋಡಿಕೊಳ್ಳುವ ರಾಜ್ಯ ಸಂಸ್ಥೆ) ಕೈಯಲ್ಲಿ ಗಟ್ಟಿಯಾಯಿತು. ಆಮೇಲೆ ತೈಲ ರಫ್ತು ಮಾಡುವ ದೇಶಗಳ ಕೂಟ ಒಪೆಕ್ ಕಟ್ಟಿದವರು ಅದನ್ನೇ ನೋಡಿ ಕಲಿತರು.

ಇನ್ನು ದುಡ್ಡು ಎಲ್ಲಿ ಹೋಯಿತು ಅನ್ನೋದು. ದೊಡ್ಡ ಪಾಲು ಹೊರಗೇ ಹೋಯಿತು. ಆದರೆ ತೆರಿಗೆ ಊರಲ್ಲೇ ಉಳಿಯಿತು. 1935ರಲ್ಲಿ ಕಿಲ್ಗೋರ್ ಕಾಲೇಜು ಶುರುವಾಯಿತು. ನನ್ನ ಪ್ರಕಾರ ಊರು ಉಳಿದದ್ದು ಅದರಿಂದ. ಫುಟ್‌ಬಾಲ್ ಮ್ಯಾಚಿನ ಮಧ್ಯಂತರದಲ್ಲಿ ಜನ ಸ್ಟ್ಯಾಂಡಿನ ಕೆಳಗೆ ಹೋಗಿ ಕುಡಿಯುತ್ತಿದ್ದರು. ಅವರನ್ನು ಸೀಟಿನಲ್ಲೇ ಕೂರಿಸಬೇಕು, ಕಾಲೇಜಿಗೆ ಹುಡುಗಿಯರೂ ಬರಬೇಕು ಅಂತ 1940ರಲ್ಲಿ ಗಸಿ ನೆಲ್ ಡೇವಿಸ್ ಅನ್ನೋ ಶಿಕ್ಷಕಿ ರೇಂಜರೆಟ್ಸ್ ಅನ್ನೋ ನೃತ್ಯ ತಂಡ ಕಟ್ಟಿದರು. ಇವತ್ತಿಗೂ ಅದೇ ಊರಿನ ದೊಡ್ಡ ಹೆಮ್ಮೆ. 1958ರಲ್ಲಿ, ಶೀತಲ ಸಮರದ ಮಧ್ಯೆ, ಮಾಸ್ಕೋದಲ್ಲಿ ಚೈಕೋವ್‌ಸ್ಕಿ ಪಿಯಾನೋ ಸ್ಪರ್ಧೆ ಗೆದ್ದ ವ್ಯಾನ್ ಕ್ಲೈಬರ್ನ್ ಬೆಳೆದದ್ದೂ ಇಲ್ಲೇ. ಅಪ್ಪ ತೈಲ ಕಂಪನಿಯ ನೌಕರ, ಪಿಯಾನೋ ಕಲಿಸಿದ್ದು ಅಮ್ಮ. ಇದೆಲ್ಲ ಬಹಳ ಕಾಲ ಬಿಳಿಯರಿಗೆ ಮಾತ್ರ ಇತ್ತು. ಕರಿಯರಿಗೆ ಶಾಲೆಯೇ ಬೇರೆ, ಈ ಕಾಲೇಜಿಗೆ ಪ್ರವೇಶ ಇರಲಿಲ್ಲ.

ಪಕ್ಕದ ನ್ಯೂ ಲಂಡನ್ ಊರಿನ ಕಥೆ ಹೇಳದೆ ಬಿಡೋಕಾಗಲ್ಲ. ತೈಲದ ತೆರಿಗೆಯಿಂದ ಅವರು ಭರ್ಜರಿ ಶಾಲೆ ಕಟ್ಟಿದ್ದರು. ಆದರೆ ಗ್ಯಾಸಿನ ಬಿಲ್ ಉಳಿಸೋಕೆ, ತೈಲಬಾವಿಯಿಂದ ಬರುವ, ಹೇಗಿದ್ದರೂ ಸುಟ್ಟುಹಾಕುವ ಗ್ಯಾಸಿನ ಪೈಪಿಗೇ ಶಾಲೆಯ ಲೈನ್ ಸೇರಿಸಿಕೊಂಡರು. ಆ ಗ್ಯಾಸಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಸೋರಿ ನೆಲದಡಿ ತುಂಬಿದ್ದು ಯಾರಿಗೂ ಗೊತ್ತಾಗಲಿಲ್ಲ. 1937ರ ಮಾರ್ಚ್ 18, ಮಧ್ಯಾಹ್ನ ಮೂರು ದಾಟಿತ್ತು. ವರ್ಕ್‌ಶಾಪಿನಲ್ಲಿ ಮೇಷ್ಟ್ರು ಮರ ಉಜ್ಜುವ ಮೆಷಿನ್ ಸ್ವಿಚ್ ಹಾಕಿದರು, ಗ್ಯಾಸ್ ಸ್ಫೋಟಿಸಿತು. ಸುಮಾರು 300 ಜನ ಸತ್ತರು, ಹೆಚ್ಚಿನವರು ಮಕ್ಕಳು. ಅವಶೇಷ ಎತ್ತಿದವರು ತೈಲಬಾವಿಯ ಕೆಲಸಗಾರರು, ಅಂದರೆ ಎಷ್ಟೋ ಕಡೆ ಆ ಮಕ್ಕಳ ಅಪ್ಪಂದಿರೇ. ಕೆಲವೇ ವಾರಗಳಲ್ಲಿ ಟೆಕ್ಸಾಸ್, ಗ್ಯಾಸಿಗೆ ಕೆಟ್ಟ ವಾಸನೆ ಬೆರೆಸಲೇಬೇಕು ಅಂತ ಕಾನೂನು ಮಾಡಿತು. ಆಮೇಲೆ ಅದು ಎಲ್ಲ ಕಡೆ ಹಬ್ಬಿತು. ನಮ್ಮ ಅಡುಗೆಮನೆಯ ಸಿಲಿಂಡರ್ ಸೋರಿದರೆ ಮೂಗಿಗೆ ಹೊಡೆಯುವುದೂ ಹಾಗೆ ಬೆರೆಸಿದ ವಾಸನೆಯೇ. ಆ ಶಾಲೆಯ ಎದುರು ಈಗ ಒಂದು ಮ್ಯೂಸಿಯಂ ಇದೆ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಯೋಚಿಸಿ ಹೋಗಿ.

ಕಿಲ್ಗೋರ್‌ನಲ್ಲಿ ಈಗ ಸುಮಾರು 13,000 ಜನ ಇದ್ದಾರೆ. ಅಂದರೆ ಭರಾಟೆಯ ಕಾಲದಲ್ಲಿ ಇದ್ದಷ್ಟೇ, ಗುಡಾರಗಳಿಲ್ಲ ಅಷ್ಟೇ. ಕಿತ್ತುಹಾಕಿದ್ದ ಡೆರಿಕ್‌ಗಳಲ್ಲಿ ಕೆಲವನ್ನು ಪೇಟೆಯಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಕ್ರಿಸ್‌ಮಸ್ ಸಮಯದಲ್ಲಿ ಅವುಗಳ ತುದಿಗೆ ನಕ್ಷತ್ರದ ದೀಪ ಹಾಕುತ್ತಾರೆ. ಕಾಲೇಜಿನ ತೈಲ ಮ್ಯೂಸಿಯಂನಲ್ಲಿ 1930ರ ದಶಕದ ಬೀದಿಯನ್ನು ಕೆಸರಿನ ಸಮೇತ ಕಟ್ಟಿದ್ದಾರೆ. ಆ ಕೆಸರು ನೋಡೋಕಾದರೂ ಹೋಗಿ.

ತೈಲ ಪೂರ್ತಿ ಮುಗಿದಿಲ್ಲ. ಈ ಸುತ್ತಿನ ಇಡೀ ತೈಲ ಕ್ಷೇತ್ರ 500 ಕೋಟಿ ಬ್ಯಾರೆಲ್‌ಗಿಂತ ಹೆಚ್ಚು ಕೊಟ್ಟ ಮೇಲೂ ಸುತ್ತಮುತ್ತ ಪಂಪುಗಳು ತಲೆ ಆಡಿಸುತ್ತಿವೆ. ಆದರೆ ಮೇಲೆ ಬರುವುದರಲ್ಲಿ ಬಹುಪಾಲು ಉಪ್ಪುನೀರು. ಆ ನೀರನ್ನು ಮತ್ತೆ ನೆಲದಡಿಗೆ ತಳ್ಳಿ ಒತ್ತಡ ಉಳಿಸಿಕೊಳ್ಳೋಕೆ 1942ರಲ್ಲೇ ಬಾವಿಯವರೆಲ್ಲ ಸೇರಿ ಒಂದು ಕಂಪನಿ ಮಾಡಿಕೊಂಡರು. ಒಬ್ಬರ ಪಾಲನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದವರು ಒಟ್ಟಾದದ್ದು ಉಪ್ಪುನೀರಿನ ವಿಷಯಕ್ಕೆ!